ನಾಲ್ಕನೇ ತರಗತಿ, 31 ಮಕ್ಕಳು: ಸಣ್ಣ ಗುಂಪಿನ ಓದಿಗೆ ವಾರದ ಯೋಜನೆ ಹೆಂಗ ಮಾಡ್ತೀರಿ?

ನೇಕಾರಓಣಿ_ಟೀಚರ್:

ಗುರುಬಳಗಕ್ಕೆ ನಮಸ್ಕಾರ. ರಬಕವಿ-ಬನಹಟ್ಟಿ ಭಾಗದ ಸರ್ಕಾರಿ ಶಾಲೆ ನಮ್ಮದು. ಈ ವರ್ಷ ನಾಲ್ಕನೇ ತರಗತಿ ನನಗೆ ಬಂದಿದೆ. 31 ಮಕ್ಕಳು, ಹೆಚ್ಚಿನವರು ಮಗ್ಗದ ಮನೆಯವರು. ಸೇತುಬಂಧದ (ಶಾಲೆ ಶುರುವಾದಾಗ ಹಿಂದಿನ ಕಲಿಕೆ ನೋಡಿ ಸರಿಪಡಿಸೋ) ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ ನೋಡಿದೆ. 9 ಮಕ್ಕಳು ಕಥೆ ಓದ್ತಾರೆ. 11 ಮಕ್ಕಳು ಪ್ಯಾರಾ ಓದ್ತಾರೆ, ಆದರೆ ಒತ್ತಕ್ಷರ ಬಂದಲ್ಲಿ ನಿಂತುಬಿಡ್ತಾರೆ. 7 ಮಕ್ಕಳು ಎರಡು-ಮೂರು ಅಕ್ಷರದ ಪದದ ತನಕ. ಇನ್ನು 4 ಮಕ್ಕಳಿಗೆ ಗುಣಿತವೇ ಕೂತಿಲ್ಲ.

ಮೂರನೇ ತರಗತಿವರೆಗೆ ನಲಿ-ಕಲಿಯಲ್ಲಿ ನೆಲದ ಮೇಲೆ ಗುಂಪಾಗಿ ಕೂತು ಕಾರ್ಡ್ ಹಿಡಿದು ಕಲಿತವರು ಇವರು. ನಾಲ್ಕಕ್ಕೆ ಬಂದ ಕೂಡಲೇ ಬೆಂಚು, ದಪ್ಪ ಪುಸ್ತಕ, ನಾನು ಮುಂದೆ ನಿಂತು ಓದೋದು, ಅವರು ಹಿಂದಿನಿಂದ ದನಿಗೂಡಿಸೋದು. ಹಿಂಗೇ ನಡೆದರೆ ಆ 11 ಮಕ್ಕಳೂ ಕೈತಪ್ಪಿ ಹೋಗ್ತಾರೆ ಅನ್ನಿಸ್ತದೆ. ಐದಾರು ಮಕ್ಕಳ ಗುಂಪು ಮಾಡಿ ದಿನಾ ಸ್ವಲ್ಪ ಹೊತ್ತು ಓದಿಸಬೇಕು ಅಂದುಕೊಂಡಿದ್ದೇನೆ. ಯಾವ ಗುಂಪಿಗೆ ವಾರಕ್ಕೆ ಎಷ್ಟು ಸಲ? ಯಾವ ಪಠ್ಯ? ಅದಕ್ಕಿಂತ ದೊಡ್ಡ ಪ್ರಶ್ನೆ, ನಾನು ಆರು ಮಕ್ಕಳ ಜೊತೆ ಕೂತಾಗ ಉಳಿದ 25 ಮಂದಿ ಏನು ಮಾಡಬೇಕು?

ಹಿಡಕಲ್_ಮಾಸ್ತರ:

ಮೇಡಂ, ಕಡೀ ಪ್ರಶ್ನೆಯಿಂದನ ಶುರು ಮಾಡ್ರಿ. ಗುಂಪಿನ ಪಾಠ ಕೆಡೋದು ಗುಂಪಿನೊಳಗಲ್ಲ, ಹೊರಗ. ನೀವು ಆರು ಮಂದಿ ಮುಂದ ಕುಂತಿರ್ತೀರಿ, ಹಿಂದಿನಿಂದ ಒಬ್ಬ “ಬಾಯಾರ, ಇಂವ ನನ್ನ ರಬ್ಬರ್ ಕಸಗೊಂಡ” ಅಂತಾನ, ಇನ್ನೊಬ್ಬಾಕಿ “ಮುಗೀತ್ರೀ, ಮುಂದೇನ್ ಮಾಡ್ಲಿ” ಅಂತ ಬಂದು ನಿಂದರ್ತಾಳ. ಪಾಠ ಅಲ್ಲಿಗೇ ಮುಗೀತು.

ನಾ ಏನ್ ಮಾಡ್ತೀನಂದ್ರ, ಜೂನ್ ಪೂರ್ತಿ ಗುಂಪಿನ ಪಾಠ ಮಾಡೂದಿಲ್ಲ. ಬರೇ ತಾವಷ್ಟಕ್ಕೆ ತಾವು ಕೆಲಸ ಮಾಡೂದನ್ನ ಕಲಸ್ತೀನಿ. ಜೋಡಿ ಓದು ಹೆಂಗ ಮಾಡಬೇಕು, ಪುಸ್ತಕ ಎಲ್ಲಿಂದ ತಗೋಬೇಕು, ಎಲ್ಲಿಡಬೇಕು, ಅನುಮಾನ ಬಂದ್ರ ಮೊದಲು ಜೋಡಿದಾರನ್ನ ಕೇಳಬೇಕು, ಅವಂಗೂ ಗೊತ್ತಿಲ್ಲಂದ್ರ ಬಿಟ್ಟು ಮುಂದ ಹೋಗಬೇಕು. ಉಳಿದವರಿಗೆ ಹೊಸ ಕೆಲಸ ಕೊಡಲೇಬಾರದು. ಮೊದಲ ಗೊತ್ತಿದ್ದ ಕೆಲಸ ಅಷ್ಟ: ಹಿಂದಿನ ದಿನ ಗುಂಪಿನ್ಯಾಗ ಓದಿದ್ದನ್ನ ಮತ್ತೊಮ್ಮೆ ಜೋಡ್ಯಾಗಿ ಓದೂದು, ಓದಿದ್ದರ ಚಿತ್ರ ತಗದು ಕೆಳಗ ಎರಡು ವಾಕ್ಯ ಬರೆಯೂದು. ಬೋರ್ಡ್ ನೋಡಿ ನಕಲು ಮಾಡ್ರಿ ಅಂತ ಮಾತ್ರ ಹೇಳಬ್ಯಾಡ್ರಿ. ತರಗತಿ ತಣ್ಣಗಿರ್ತೈತಿ ಖರೆ, ಕಲಿಕೆ ಏನೂ ಆಗೂದಿಲ್ಲ.

ಸಕ್ಕರಿಸೀಮಿ:

ಕಾಗದದ ಮ್ಯಾಲ ಎಲ್ಲಾ ಚಂದ ಕಾಣತೈತ್ರಿ. ನನ್ನ ಕಡೆ ಎರಡು ತರಗತಿ ಒಂದ ಕೋಣ್ಯಾಗ. ಪಾಠದ ನಡುವ ಮಾಹಿತಿ ಕಳಸ್ರಿ ಅಂತ ಫೋನು. ಹಾಲು, ಮೊಟ್ಟಿ, ಬಿಸಿಯೂಟದ ಲೆಕ್ಕ ಬ್ಯಾರೆ. 40 ನಿಮಿಷದ ಅವಧಿ ಕೈಗೆ ಸಿಗೂದು 28 ನಿಮಿಷ. ಅದರಾಗ ನಾಕು ಗುಂಪಂತ, ನಾಕು ಪಠ್ಯ ಅಂತ! ದೀಪಾವಳಿ ಆದಮ್ಯಾಲ ಕಬ್ಬಿನ ಕಟಾವು ಚಾಲೂ ಆದ್ರ ನಿಮ್ಮ ಪಟ್ಟಿಯೊಳಗಿನ ಮಕ್ಕಳ ಸಾಲ್ಯಾಗ ಇರೂದಿಲ್ಲ. ನಾ ಬ್ಯಾಡ ಅನ್ನಾಕತ್ತಿಲ್ಲ. ನಾಕು ಗುಂಪಿನ ಯೋಜನೆ ಮಾಡಿ ಒಂದೂ ನಡೀಲಾರದ್ದಕ್ಕಿಂತ ಒಂದ ಗುಂಪು ದಿನಾ ನಡೀಲಿ ಅಂತೀನಿ.

ಹಿಡಕಲ್_ಮಾಸ್ತರ:

ಸರ್, ನಾನೂ ಅದನ್ನ ಹೇಳವ ಇದ್ದೆ. ಎಲ್ಲಾ ಗುಂಪಿಗೂ ಸಮಾ ಹಂಚೂದು ಬ್ಯಾಡ. ಆ 4 ಮಕ್ಕಳು ದಿನಾ ಬೇಕು, 15 ನಿಮಿಷ ಸಾಕು. ಕಥೆ ಓದೂ 9 ಮಂದಿಗೆ ವಾರಕ್ಕ ಒಂದ ಸಲ, ಅದೂ ಓದಿಸಾಕಲ್ಲ, ಓದಿದ್ದರ ಮ್ಯಾಲ ಮಾತಾಡಾಕ. ನಡುವಿನ 11 ಮಂದಿನ ಎರಡು ಗುಂಪು ಮಾಡಿ ಒಂದು ದಿನ ಬಿಟ್ಟು ಒಂದು ದಿನ.

ನಿವೃತ್ತ_ಗುರು:

ಈ ಚರ್ಚೆ ಓದಿ ಸಂತೋಷವಾಯಿತು. ನಾನು ಕ್ಲಸ್ಟರ್ ಮತ್ತು ಬ್ಲಾಕ್ ಮಟ್ಟದಲ್ಲಿ ಹಲವು ವರ್ಷ ತರಗತಿಗಳನ್ನು ನೋಡುತ್ತ ತಿರುಗಿದವನು, ಸ್ವಲ್ಪ ಉದ್ದ ಬರೆಯುತ್ತೇನೆ, ಮನ್ನಿಸಿ.

ಗುಂಪಿನಲ್ಲಿ ಕಲಿಸುವುದು ನಮಗೆ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆಂಧ್ರದ ಋಷಿ ವ್ಯಾಲಿ ಶಾಲೆಯ ಪ್ರೇರಣೆಯಿಂದ ನಲಿ-ಕಲಿ ಶುರುವಾದಾಗಲೇ ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ‘ತಟ್ಟೆ’ ಎಂಬ ಗುಂಪುಗಳ ವ್ಯವಸ್ಥೆ ಬಂತು. ‘ರ ಗ ಸ ದ ಅ’ ಆದಮೇಲೆ ‘ಜ ವ ಮ ಬ ನ’ ಎಂದು ಅಕ್ಷರ ಕಲಿಸಿದವರಿಗೆಲ್ಲ ಇದು ಗೊತ್ತು. ನಾಲ್ಕು-ಐದನೇ ತರಗತಿಯಲ್ಲಿ ‘ಓದು ಕರ್ನಾಟಕ’ ಎಂಬ ಓದಿನ ಕಾರ್ಯಕ್ರಮ ಬಂದಾಗ ಅಕ್ಷರ, ಪದ, ಪ್ಯಾರಾ, ಕಥೆ ಎಂದು ಹಂತ ನೋಡಿ ಮಕ್ಕಳನ್ನು ಕೂರಿಸಿದೆವು. ಮೇಡಂ ಮಾಡಿರುವ ವಿಂಗಡಣೆಯೂ ಅದೇ.

ನನ್ನ ತಕರಾರು ಇಲ್ಲಿದೆ. ಆ ಹಂತ ಮಗುವನ್ನು ಎಲ್ಲಿ ಕೂರಿಸಬೇಕು ಎಂದು ಹೇಳುತ್ತದೆ, ನಾಳೆ ಏನು ಕಲಿಸಬೇಕು ಎಂದು ಹೇಳುವುದಿಲ್ಲ. ‘ಪ್ಯಾರಾ’ ಹಂತದ 11 ಮಕ್ಕಳಲ್ಲಿ ಒಬ್ಬಳು ‘ಅಮ್ಮ’, ‘ಹಕ್ಕಿ’ ಸಲೀಸಾಗಿ ಓದಿ ‘ಪುಸ್ತಕ’ದಲ್ಲಿ ಎಡವುತ್ತಾಳೆ, ಅವಳಿಗೆ ಸಜಾತಿ (ಅದೇ ಅಕ್ಷರದ) ಒತ್ತು ಬಂದಿದೆ, ವಿಜಾತಿ (ಬೇರೆ ಅಕ್ಷರದ) ಒತ್ತು ಬಂದಿಲ್ಲ. ಇನ್ನೊಬ್ಬ ‘ಸೂರ್ಯ’ವನ್ನು ‘ಸೂಯರ’ ಎನ್ನುತ್ತಾನೆ. ಅರ್ಕಾವತ್ತನ್ನು (‘ರ್’ನ ಗುರುತು) ಬರೆಯುವುದು ಅಕ್ಷರದ ನಂತರ, ಓದುವುದು ಅಕ್ಷರಕ್ಕಿಂತ ಮೊದಲು ಎಂಬುದನ್ನು ಅವನಿಗೆ ಯಾರೂ ಕೂತು ತೋರಿಸಿಲ್ಲ. ಮತ್ತೊಬ್ಬ ಎಲ್ಲ ಸರಿಯಾಗಿ ಓದಿ, ಏನು ಓದಿದೆ ಎಂದು ಕೇಳಿದರೆ ಸುಮ್ಮನಿರುತ್ತಾನೆ. ಮೂವರದೂ ಒಂದೇ ಹಂತ, ಬೇಕಾದ ಪಾಠ ಮೂರು ಬೇರೆ. ಆದ್ದರಿಂದ ಗುಂಪನ್ನು ಎಡವುವ ಜಾಗ ನೋಡಿ ಮಾಡಿ. ಎರಡು-ಮೂರು ವಾರಕ್ಕೊಮ್ಮೆ ಒಡೆದು ಹೊಸದಾಗಿ ಕಟ್ಟಿ. ಜೂನ್‌ನಲ್ಲಿ ಮಾಡಿದ ಗುಂಪು ಮಾರ್ಚ್‌ವರೆಗೆ ಹಾಗೇ ಇದ್ದರೆ ಅದು ಗುಂಪಲ್ಲ, ಮಗುವಿನ ಹಣೆಗೆ ಹಚ್ಚಿದ ಚೀಟಿ. ಗುಂಪಿಗೆ ‘ಜಾಣರು’, ‘ನಿಧಾನದವರು’ ಎಂದು ಹೆಸರಿಡುವುದಂತೂ ಬೇಡವೇ ಬೇಡ.

ನೇಕಾರಓಣಿ_ಟೀಚರ್:

ಸರ್, ಎಡವುವ ಜಾಗ ಹಿಡಿಯೋದು ಹೆಂಗೆ? 31 ಮಕ್ಕಳಿಗೆ ಅಷ್ಟು ಸೂಕ್ಷ್ಮವಾಗಿ ಬರೆದಿಡೋಕೆ ಆಗ್ತದಾ?

ನಿವೃತ್ತ_ಗುರು:

ದಿನಕ್ಕೆ ಇಬ್ಬರು ಸಾಕು. ನ್ಯೂಜಿಲೆಂಡಿನ ಮೇರಿ ಕ್ಲೇ ರೂಪಿಸಿದ ಒಂದು ಸರಳ ಕ್ರಮವಿದೆ. ಮಗು ಓದುತ್ತಿರುವಾಗ ನಿಮ್ಮ ಕೈಯಲ್ಲಿ ಅದೇ ಪಠ್ಯದ ಇನ್ನೊಂದು ಪ್ರತಿ ಇರಲಿ. ಸರಿ ಓದಿದ ಪದಕ್ಕೆ ಟಿಕ್. ತಪ್ಪಿದ ಪದದ ಮೇಲೆ ಮಗು ಅಂದದ್ದನ್ನೇ ಬರೆಯಿರಿ. ಬಿಟ್ಟದ್ದಕ್ಕೆ ಗೆರೆ. ತಾನೇ ತಿದ್ದಿಕೊಂಡರೆ ‘ತಿ’ ಎಂದು ಗುರುತು, ಅದು ತಪ್ಪಲ್ಲ. ಮಗು ತನ್ನ ಓದನ್ನು ತಾನೇ ಕೇಳಿಸಿಕೊಳ್ಳುತ್ತಿದೆ ಎಂಬುದಕ್ಕೆ ಸಾಕ್ಷಿ. ನೂರು ಪದಕ್ಕೆ 95 ಅಥವಾ ಅದಕ್ಕಿಂತ ಹೆಚ್ಚು ಸರಿ ಇದ್ದರೆ ಆ ಪಠ್ಯ ಮಗು ತಾನೇ ಓದಿಕೊಳ್ಳಲು ಯೋಗ್ಯ. 90ರಿಂದ 94 ಇದ್ದರೆ ಗುಂಪಿನಲ್ಲಿ ಕಲಿಸಲು ಯೋಗ್ಯ. 90ಕ್ಕಿಂತ ಕಡಿಮೆ ಇದ್ದರೆ ಆ ಪುಸ್ತಕ ಸದ್ಯಕ್ಕೆ ಬೇಡ. 40 ಪದದ ಪುಟದಲ್ಲಿ ನಾಲ್ಕು ತಪ್ಪು ಎಂದರೆ ಅಲ್ಲಿಗೆ 90 ಆಯಿತು, ಅಂಚಿನಲ್ಲಿದೆ ಎಂದರ್ಥ.

ಅಂಕಕ್ಕಿಂತ ಮುಖ್ಯ, ತಪ್ಪಿದ ಪದಗಳ ಮೇಲೆ ನೀವು ಬರೆದದ್ದು. ಅದನ್ನು ಸಂಜೆ ಒಮ್ಮೆ ನೋಡಿದರೆ ನಾಳೆಯ ಪಾಠ ತಾನಾಗಿ ಸಿಗುತ್ತದೆ.

ಸಕ್ಕರಿಸೀಮಿ:

ಗುರುಗಳ, ಪರದೇಶದ ಪದ್ಧತಿ ಕನ್ನಡಕ್ಕ ಹಂಗ ಹಚ್ಚಿದ್ರ ಫಜೀತಿ ಆಗತೈತಿ. ಕೇಂದ್ರ ಸರಕಾರದ ನಿಪುಣ್ ಯೋಜನಿ ಗುರಿ ನೋಡ್ರಿ, ಮೂರನೇತ್ತಾ ಮುಗಿಯೂದ್ರಾಗ ನಿಮಿಷಕ್ಕ ಕನಿಷ್ಠ 60 ಪದ. ನಮ್ಮ ಪುಸ್ತಕದಾಗ ‘ಹೋಗುತ್ತಿದ್ದಾಗಲೇ’ ಅನ್ನೂದು ಒಂದ ಪದ. ಹಿಂದಿಯೊಳಗ ಅದನ್ನ ನಾಕು ಪದ ಮಾಡ್ತಾರ. ಮಗಾ ಬಾಯಿ ತುಂಬ ಓದ್ಯಾನ, ಲೆಕ್ಕದಾಗ ಕಮ್ಮಿ ಬೀಳತಾನ.

ನಿವೃತ್ತ_ಗುರು:

ಒಪ್ಪುತ್ತೇನೆ. ಹಾಗಾಗಿ ಗಡಿಯಾರವನ್ನು ಈ ಗುಂಪಿನ ಪಾಠಕ್ಕೆ ತರಲೇಬೇಡಿ. ವೇಗ ಬೇಕು, ಆದರೆ ಅದು ಒಂದೇ ಪಠ್ಯವನ್ನು ಮೂರು-ನಾಲ್ಕು ಸಲ ಓದುವುದರಿಂದ ಬರುತ್ತದೆ, ಅವಸರ ಮಾಡುವುದರಿಂದಲ್ಲ.

ಪರದೇಶದ ಪದ್ಧತಿಯಲ್ಲಿ ಬಿಡಬೇಕಾದ ಇನ್ನೊಂದಿದೆ. ಅಮೆರಿಕದಲ್ಲಿ 1996ರ ಹೊತ್ತಿಗೆ ಫೌಂಟಾಸ್ ಮತ್ತು ಪಿನ್ನೆಲ್ ಎಂಬ ಶಿಕ್ಷಣ ತಜ್ಞರು ಈ ಗುಂಪಿನ ಓದನ್ನು ಬಹಳ ಜನಪ್ರಿಯಗೊಳಿಸಿದರು. ಅದರ ಜೊತೆಗೆ, ಪದ ಗೊತ್ತಾಗದಿದ್ದರೆ ಚಿತ್ರ ನೋಡು, ಸಂದರ್ಭ ನೋಡಿ ಊಹಿಸು ಎನ್ನುವ ಅಭ್ಯಾಸವೂ ಹರಡಿತು. ಈಗ ಅಲ್ಲಿಯೇ ಅದಕ್ಕೆ ಬಲವಾದ ಟೀಕೆ ಇದೆ. ಇಂಗ್ಲಿಷಿನ ಕಾಗುಣಿತ ಗೋಜಲು, ಊಹೆಗೆ ಅಲ್ಲಿ ಒಂದು ನೆಪವಾದರೂ ಇತ್ತು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಮಗು ನಿಂತಾಗ “ಚಿತ್ರ ನೋಡು” ಎನ್ನಬೇಡಿ. “ಅಕ್ಷರ ನೋಡು, ಒಡೆದು ಓದು, ಈಗ ಕೂಡಿಸಿ ಓದು” ಎನ್ನಿ. ಓದಾದ ಮೇಲೆ “ಹಿಂಗಂದ್ರ ಅರ್ಥ ಆಗತೈತೇನು?” ಎಂದು ಕೇಳಿ. ಚಿತ್ರ, ಸಂದರ್ಭ ಅರ್ಥವನ್ನು ತಾಳೆ ನೋಡಲು ಇರಲಿ.

ನಮ್ಮ ತೊಡಕು ಬೇರೆ. ಗುಣಿತ, ಒತ್ತು ಸೇರಿ ಕನ್ನಡದಲ್ಲಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನವೂ ಇದನ್ನೇ ತೋರಿಸಿತು: ಇಂಗ್ಲಿಷ್ ಅಕ್ಷರಮಾಲೆಗೆ ಹೋಲಿಸಿದರೆ ಇಲ್ಲಿ ಅಕ್ಷರಜ್ಞಾನ ಗಟ್ಟಿಯಾಗಲು ಹೆಚ್ಚು ವರ್ಷ ಹಿಡಿಯುತ್ತದೆ. ನಾಲ್ಕನೇ ತರಗತಿಯಲ್ಲಿ ಒತ್ತಕ್ಷರಕ್ಕೆ ನಿಲ್ಲುವ ಮಗು ದಡ್ಡ ಅಲ್ಲ, ಇನ್ನೂ ದಾರಿಯಲ್ಲಿದೆ.

ತಾಂಡಾಶಾಲೆ_ಟೀಚರ್:

ವಿಜಯಪುರ ಜಿಲ್ಲೆಯ ತಾಂಡಾ ಶಾಲೆಯಿಂದ ಬರೀತಿದ್ದೇನೆ. ಗುರುಗಳು ಹೇಳಿದ ಮೂರನೇ ನಮೂನೆಯ ಮಕ್ಕಳು ನಮ್ಮಲ್ಲಿ ಬಹಳ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಅಕ್ಷರ ಬಂದಮೇಲೆ ಗಡಗಡ ಓದ್ತಾರೆ. ತಪಾಸಣೆಗೆ ಬಂದವರಿಗೂ ಖುಷಿ. ಆದರೆ ‘ಕಣಜ’ ಅಂದರೇನು ಅಂತ ಕೇಳಿದರೆ ಮುಖ ನೋಡ್ತಾರೆ.

ಇವರಿಗೆ ನಾನು ಪುಸ್ತಕ ತೆರೆಯೋಕೆ ಮುಂಚೆ ಐದು ನಿಮಿಷ ಬರೀ ಮಾತು. ಚಿತ್ರ ತೋರಿಸಿ ನಿಮ್ಮ ಮಾತಿನಲ್ಲೇ ಹೇಳಿ ಅಂತೀನಿ. ಅವರು ಲಂಬಾಣಿಯಲ್ಲಿ ಹೇಳ್ತಾರೆ, ಗುಂಪಿನಲ್ಲಿ ಕನ್ನಡ ಚೆನ್ನಾಗಿ ಬರುವ ಒಬ್ಬಳು ನನಗೆ ತಿಳಿಸ್ತಾಳೆ. ಆ ಪಾಠದಲ್ಲಿ ಬರುವ ನಾಲ್ಕೈದು ಕನ್ನಡ ಪದ ಆ ಮಾತಿನ ನಡುವೆಯೇ ಹಾಕ್ತೀನಿ. ಆಮೇಲೆ ಓದು. ಇನ್ನೊಂದು, ಇಂಥ ಮಕ್ಕಳನ್ನು ಪದದ ಗುಂಪಿಗೆ ಇಳಿಸಬೇಡಿ. ಅವರಿಗೆ ಅಕ್ಷರದ ಕೊರತೆ ಇಲ್ಲ, ಮಾತಿನ ಕೊರತೆ.

ಗಡಿಶಾಲೆ_ಖಾನಾಪುರ:

ನಮ್ಮಲ್ಲಿ ಮನೆಮಾತು ಮರಾಠಿ. ಮರಾಠಿಯಲ್ಲಿ ಎ-ಏ, ಒ-ಓ ಅಂತ ಹ್ರಸ್ವ-ದೀರ್ಘದ ಭೇದ ಇಲ್ಲ, ಅವರ ಬರಹದಲ್ಲೂ ಎರಡಕ್ಕೂ ಒಂದೇ ಚಿಹ್ನೆ. ಹಾಗಾಗಿ ‘ಬೆಳೆ’ ಮತ್ತು ‘ಬೇಳೆ’, ‘ಕೊಡು’ ಮತ್ತು ‘ಕೋಡು’ ಮಕ್ಕಳ ಕಿವಿಗೆ ಒಂದೇ. ಕಣ್ಣಿಗೆ ತೋರಿಸೋ ಮೊದಲು ಕಿವಿಗೆ ಕೇಳಿಸಬೇಕು. ನಾನು ಹೇಳ್ತೀನಿ, ದೀರ್ಘ ಬಂದರೆ ಕೈ ಅಗಲ ಮಾಡ್ತಾರೆ, ಹ್ರಸ್ವ ಬಂದರೆ ಚಪ್ಪಾಳೆ. ಎರಡು ನಿಮಿಷದ ಆಟ, ಆಮೇಲೆ ಪಠ್ಯ. ಈ ಗುಂಪಿನಲ್ಲಿ ಚೆನ್ನಾಗಿ ಓದುವ ಮಕ್ಕಳೂ ಇರ್ತಾರೆ, ನಿಧಾನದವರೂ ಇರ್ತಾರೆ. ಹಂತ ಬೇರೆ, ಎಡವುವ ಜಾಗ ಒಂದೇ, ಅಡ್ಡಿಯಿಲ್ಲ.

ಒಬ್ಬ_ಪಾಲಕ:

ನಾನು ಶಿಕ್ಷಕ ಅಲ್ಲ, ಕ್ಷಮಿಸಿ. ನನ್ನ ಮಗ ‘ಮನೆ’ ಅಂತ ಬರೆದಿದ್ದನ್ನು ‘ಮನಿ’ ಅಂತ ಓದ್ತಾನೆ, ‘ಬಂದಿದ್ದಾನೆ’ ಅಂದರೆ ‘ಬಂದಾನ’ ಅಂತಾನೆ. ಇದು ತಪ್ಪೇ? ಅವನ ಟೀಚರ್ ಪ್ರತಿ ಸಲ ತಡೀತಾರಂತೆ. ಈಗ ಓದೋಕೇ ಬೇಜಾರು ಅಂತಾನೆ.

ಹಿಡಕಲ್_ಮಾಸ್ತರ:

ತಪ್ಪಲ್ರೀ. ‘ಬಂದಿದ್ದಾನೆ’ ನೋಡಿ ‘ಬಂದಾನ’ ಅನ್ನಾಂವ ಅರ್ಥ ಹಿಡಿದಾನ, ತನ್ನ ಮಾತಿಗೆ ತಂದುಕೊಂಡಾನ. ನಾ ಅಂಥವಕ್ಕ ಬ್ಯಾರೆ ಗುರುತು ಹಾಕ್ತೀನಿ, ತಪ್ಪಿನ ಲೆಕ್ಕಕ್ಕ ಹಿಡಿಯೂದಿಲ್ಲ, ನಡುವ ತಡಿಯೂದೂ ಇಲ್ಲ.

ನಿವೃತ್ತ_ಗುರು:

ಒಂದು ಎಚ್ಚರಿಕೆ ಸೇರಿಸುತ್ತೇನೆ. ‘ಮನೆ’ಗೆ ‘ಮನಿ’ ಎಂದರೆ ಬಿಡಿ. ಆದರೆ ‘ಬರುತ್ತಾನೆ’ ಎಂದಿರುವಲ್ಲಿ ‘ಬಂದಾನ’ ಎಂದರೆ ಅದು ಆಡುಮಾತಲ್ಲ, ಕಾಲವೇ ಬದಲಾಯಿತು. ಮಗು ಪದದ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿದೆ. ಅದನ್ನು ಓದು ಮುಗಿದ ಮೇಲೆ ಹಿಂದಕ್ಕೆ ಕರೆತಂದು ತೋರಿಸಬೇಕು. ಬರೆಯುವಾಗ ಪುಸ್ತಕದ ರೂಪವೇ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ನೇಕಾರಓಣಿ_ಟೀಚರ್:

ಇಷ್ಟೆಲ್ಲ ತಿಳಿದಮೇಲೆ ಒಂದು ಪಾಠ ಹೆಂಗಿರ್ತದೆ ಅಂತ ಯಾರಾದರೂ ನಿಮಿಷ ಸಮೇತ ಹೇಳ್ತೀರಾ? ಪಠ್ಯಪುಸ್ತಕದ ಪಾಠ ಈ ಮಕ್ಕಳಿಗೆ ಭಾರ. ಒತ್ತಕ್ಷರದ ಗುಂಪಿಗೆ ಅಂತ ನಾನೇ ಒಂದು ಸಣ್ಣದು ಬರೆದಿದ್ದೇನೆ, ನೋಡಿ:

“ಅಪ್ಪ ಮಗ್ಗದ ಮುಂದೆ ಕುಳಿತ. ಪುಟ್ಟಿ ಲಾಳಿಯನ್ನು ಎತ್ತಿ ಕೊಟ್ಟಳು. ಲಾಳಿ ಅತ್ತ ಹೋಯಿತು, ಇತ್ತ ಬಂತು. ಬೆಕ್ಕು ನೂಲಿನ ಉಂಡೆ ಕಚ್ಚಿ ಓಡಿತು. ಅಪ್ಪ ನಕ್ಕ. ಅಮ್ಮ ನಗಲಿಲ್ಲ.”

ಹಿಡಕಲ್_ಮಾಸ್ತರ:

ಮೇಡಂ, ಭಾರೀ ಐತಿ! ಒಂದೂ ವಿಜಾತಿ ಒತ್ತು ಇಲ್ಲ, ಅದೂ ಕಥಿ ಕೆಡಲಾರದಂಗ.

ಇದನ್ನ ಇಟ್ಟುಕೊಂಡು ನಾ 20 ನಿಮಿಷ ಹಿಂಗ ಮಾಡ್ತಿದ್ದೆ. ಹಿಂದಿನ ದಿನ ಓದಿದ್ದನ್ನ ಮೊದಲ ಒಮ್ಮೆ ಓದಿಸೂದು, ಎರಡು-ಮೂರು ನಿಮಿಷ, ಕೈ ಬಿಸಿ ಆಗಾಕ. ಆಮ್ಯಾಲ ಹೊಸ ಪಠ್ಯದ ಬಗ್ಗೆ ಎರಡ ಮಾತು: “ಮಗ್ಗದ ಮನ್ಯಾಗ ಬೆಕ್ಕು ಬಂದ್ರ ಏನಾಗತೈತಿ?” ಪೂರ್ತಿ ಕಥಿ ಹೇಳಿಬಿಡಬಾರದು. ಬೋರ್ಡ್ ಮ್ಯಾಲ ಎರಡ ಪದ ಬರೆದು ಒಡೆದು ತೋರಿಸೂದು, ‘ಎತ್ತಿ’, ‘ನಗಲಿಲ್ಲ’. ಯಾಕ ಇವ ಅಂದ್ರ, ನಿಮ್ಮ ಪಠ್ಯದಾಗ ಎರಡ ನಮೂನಿ ಒತ್ತು ಅದಾವ. ಪ್ಪ, ಗ್ಗ, ಟ್ಟ, ಚ್ಚ ಇವುಗಳ ಒತ್ತು ಮೂಲ ಅಕ್ಷರದಂಗ ಕಾಣತಾವ, ಮಕ್ಕಳು ಲಗೂನ ಹಿಡೀತಾರ. ತ್ತ, ನ್ನ, ಮ್ಮ, ಲ್ಲ ಹಂಗಲ್ಲ, ಒತ್ತಿನ ರೂಪನ ಬ್ಯಾರೆ. ಇವತ್ತಿನ ಪಾಠ ಆ ನಾಕು ಒತ್ತು ಅಷ್ಟ. ಉಳಿದದ್ದು ಕೈ ಹಚ್ಚಬ್ಯಾಡ್ರಿ.

ಇನ್ನ ಓದು, ಎಂಟು ನಿಮಿಷ. ಒಬ್ಬೊಬ್ಬರು ಎದ್ದು ನಿಂತು ಸರದಿ ಪ್ರಕಾರ ಓದೂದು ಬ್ಯಾಡ. ಒಬ್ಬ ಓದೂಮುಂದ ಐದು ಮಂದಿ ಕಿಟಕಿ ನೋಡ್ತಾರ, ಇಲ್ಲಾಂದ್ರ ತಮ್ಮ ಪಾಳಿಯ ಸಾಲು ಎಣಿಸಿ ಅದನ್ನ ಬಾಯಿಪಾಠ ಮಾಡಕೋತ ಕುಂತಿರ್ತಾರ. ಎಲ್ಲಾರೂ ಒಮ್ಮೆಲೆ, ತಮ್ಮಷ್ಟಕ್ಕ ತಾವು, ಪಿಸುದನಿಯೊಳಗ. ಒಂದ ದನಿ ಆಗಬಾರದಂತ ಒಬ್ಬೊಬ್ಬರನ್ನ ಅರ್ಧ ನಿಮಿಷ ತಡದು ಚಾಲೂ ಮಾಡಸ್ರಿ. ನೀವು ಒಬ್ಬೊಬ್ಬರ ಕಡೆ ಬಗ್ಗಿ ಕೇಳಕೋತ ಹೋಗ್ರಿ. ಅಲ್ಲೇ ಒಬ್ಬರದ್ದು ಗುರುಗಳು ಹೇಳಿದ ಟಿಕ್ ಹಾಳಿ ಬರೀರಿ. ಮುಗಿಸಿದವರು ಮತ್ತ ಮೊದಲಿಂದ ಓದಲಿ.

ಕಡೀಗೆ ಮಾತು. “ಬೆಕ್ಕು ಏನ್ ಕಚ್ಚಿತು?” ಅಂತ ಕೇಳಿದ್ರ ಪುಸ್ತಕ ನೋಡಿ ಹೇಳ್ತಾರ. “ಅಮ್ಮ ಯಾಕ ನಗಲಿಲ್ಲ?” ಅಂತ ಕೇಳ್ರಿ. ಉತ್ತರ ಪುಸ್ತಕದಾಗ ಇಲ್ಲ, ಆದ್ರ ನಿಮ್ಮ ಓಣಿ ಮಕ್ಕಳಿಗೆ ಗೊತ್ತು. ಮುಗಿಸೂಮುಂದ ಸ್ಲೇಟಿನ ಮ್ಯಾಲ ಮೂರು ಪದ ಉಕ್ತಲೇಖನ, ಅದ ನಾಕು ಒತ್ತಿನವು.

ತಾಂಡಾಶಾಲೆ_ಟೀಚರ್:

ಬಾಯಿಪಾಠದ ಮಾತು ಬಂತು ಅಂತ ಹೇಳ್ತೀನಿ: ಓದ್ತಿದ್ದಾರಾ, ನೆನಪಿನಿಂದ ಹೇಳ್ತಿದ್ದಾರಾ ಅಂತ ಅನುಮಾನ ಬಂದರೆ ಕೊನೆಯ ವಾಕ್ಯದಿಂದ ಶುರು ಮಾಡಿಸಿ. ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಅರಿವುಕೇಂದ್ರ_ಇಂಡಿ:

ಪಠ್ಯದ ಪ್ರಶ್ನೆಗೆ ನನ್ನದೊಂದು ಮಾತು. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೆಲಸ ಮಾಡ್ತೀನಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಇಡೀ ತರಗತಿಯ ಹೆಸರು ಬರೆಸಿ, ಪುಸ್ತಕ ಒಯ್ದು ಬಳಸಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗ್ತವೆ, ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಮುದ್ರಿಸಿಕೊಳ್ಳಲೂ ಅನುಮತಿ ಇದೆ.

ಸಕ್ಕರಿಸೀಮಿ:

ಒಳ್ಳೇ ಮಾತು. ಒಂದ ಕಾಳಜಿ ತಗೋರಿ, ಅಲ್ಲಿ ಹಂತ ಹಾಕಿದ್ದು ಕಥಿ ಉದ್ದ, ವಿಷಯ ನೋಡಿ. ಮೊದಲನೇ ಹಂತದ ಪುಸ್ತಕದಾಗೂ ವಿಜಾತಿ ಒತ್ತು ಬಂದ ಬರತಾವ. ನೀವ ಮೊದಲ ಓದಿ, ಒತ್ತು ಎಣಿಸಿ, ಆಮ್ಯಾಲ ಗುಂಪಿಗೆ ಕೊಡ್ರಿ.

ನೇಕಾರಓಣಿ_ಟೀಚರ್:

ಎಲ್ಲರಿಗೂ ಧನ್ಯವಾದ. ಈಗ ನನ್ನ ಯೋಜನೆ ಹಿಂಗೆ ಬಂದಿದೆ. ಗುಣಿತದ 4 ಮಕ್ಕಳು ದಿನಾ 15 ನಿಮಿಷ, ಕನ್ನಡ ಅವಧಿಯ ಶುರುವಿನಲ್ಲೇ, ಅವಧಿ ಕತ್ತರಿ ಬಿದ್ದರೂ ಅವರದು ತಪ್ಪಬಾರದು ಅಂತ. ಉಳಿದ 20 ನಿಮಿಷದಲ್ಲಿ ಒತ್ತಿನ ಎರಡು ಗುಂಪಿಗೆ ಸೋಮವಾರ-ಬುಧವಾರ, ಮಂಗಳವಾರ-ಗುರುವಾರ. ಪದದ 7 ಮಕ್ಕಳಿಗೆ ಶುಕ್ರವಾರ, ಜೊತೆಗೆ ದಿನಾ ಬಿಸಿಯೂಟ ಆದಮೇಲೆ ಹತ್ತು ನಿಮಿಷ. ಕಥೆಯ 9 ಮಂದಿಗೆ ಶನಿವಾರ ಬೆಳಗ್ಗೆ.

ಸಕ್ಕರಿಸೀಮಿ:

ಪದದ ಗುಂಪಿಗೆ ವಾರಕ್ಕ ಒಂದ ಪೂರ್ತಿ ಪಾಠ ಸಾಲೂದಿಲ್ಲ. ಬುಧವಾರದ್ದು ಅವರಿಗೆ ಬಿಡ್ರಿ, ಒತ್ತಿನ ಮಕ್ಕಳು ಜೋಡಿ ಓದಿನ್ಯಾಗ ಸುಧಾರಿಸಕೋತಾರ. ಮತ್ತ ಕಟಾವಿಗೆ ಹೋಗೂ ಮಕ್ಕಳ ಟಿಕ್ ಹಾಳಿ ಅವರ ಕೈಯಾಗ ಕೊಟ್ಟು ಕಳಸ್ರಿ. ಅಲ್ಲಿ ಯಾವುದರೆ ಸಾಲಿಗೆ ಹೋದ್ರ ಆ ಮಾಸ್ತರಗ ಎಲ್ಲಿಂದ ಚಾಲೂ ಮಾಡಬೇಕಂತ ಗೊತ್ತಾಗತೈತಿ. ತಿರುಗಿ ಬಂದಾಗ ಹಳೇ ಗುಂಪಿಗೆ ಕೂಡಸಬ್ಯಾಡ್ರಿ, ಮತ್ತೊಮ್ಮೆ ಓದಿಸಿ ನೋಡ್ರಿ.

ನೇಕಾರಓಣಿ_ಟೀಚರ್:

ಬುಧವಾರ ಬದಲಾಯಿಸ್ತೀನಿ ಸರ್. ಪದದ ಗುಂಪಿಗೆ ಒತ್ತೇ ಇಲ್ಲದ ಒಂದು ಬೇಕಿತ್ತು. ಇದು ನಡೆದೀತಾ?

“ಮಾವ ನೂಲು ತಂದ. ನೂಲಿನ ರಂಗು ನೀಲಿ. ಕಮಲಾ ಲಾಳಿ ಕೊಡಲು ಓಡಿದಳು. ಆಡಿನ ಮರಿ ಬಂತು. ನೂಲು ಎಳೆಯಿತು. ಮಾವ ಓಡಿ ಬಂದ. ಮರಿಯ ಬಾಯಿ ನೀಲಿ!”

ಗಡಿಶಾಲೆ_ಖಾನಾಪುರ:

ಮೇಡಂ, ಇದನ್ನು ನಮ್ಮ ಮಕ್ಕಳಿಗೂ ತಗೋತೀನಿ. ‘ಕೊಡಲು’ ಮತ್ತು ‘ಓಡಿದಳು’ ಪಕ್ಕಪಕ್ಕದಲ್ಲಿ ಬಂದಿವೆ, ಹ್ರಸ್ವ-ದೀರ್ಘದ ಆಟಕ್ಕೆ ನನಗೆ ಅದೇ ಬೇಕು. ನಿಮ್ಮ ಪದದ ಗುಂಪಿಗೆ ಅದು ಭಾರ ಅನ್ನಿಸಿದರೆ ‘ಕೊಡಲು’ ಬದಲು ‘ತರಲು’ ಮಾಡಿ.